ಕೀಲಿ ಕೊಡುವ 8 ಎಂಎಂ ಕ್ಯಾಮೆರಾ: ಫಿಲ್ಮ್ ಹಾಕುವ ಮೊದಲು

ಹಳೆಯ 8 ಎಂಎಂ ಕ್ಯಾಮೆರಾ ಕೈಗೆ ಸಿಕ್ಕಿದ ಕೂಡಲೇ ಫಿಲ್ಮ್ ತರಿಸಬೇಡಿ. ಮೊದಲು ಖಾಲಿಯಾಗಿ ಓಡಿಸಿ, ಕಿವಿಗೊಟ್ಟು ಕೇಳಿ. ದೊಡ್ಡಪ್ಪ ಬಿಟ್ಟುಹೋದ ಕ್ಯಾಮೆರಾವನ್ನು ನಾನು ಮೂರು ವಾರ ಹೀಗೆಯೇ ಓಡಿಸಿದೆ. ಅದರ ಅಷ್ಟೂ ಗುಣ ತಿಳಿದದ್ದು ಆ ಮೂರು ವಾರಗಳಲ್ಲಿ.

ಪಕ್ಕದ ಮುಚ್ಚಳ ತೆರೆದು ನೋಡಿ. ಪ್ಲಾಸ್ಟಿಕ್ ಕಾರ್ಟ್ರಿಜ್ ಕೂರುವ ಗೂಡು ಇದ್ದರೆ ಅದು 1965ರಲ್ಲಿ ಕೊಡಾಕ್ ತಂದ ಸೂಪರ್ 8 ಆಗಿರುವ ಸಾಧ್ಯತೆಯೇ ಹೆಚ್ಚು. ಸಾಮಾನ್ಯವಾಗಿ ಬ್ಯಾಟರಿಯಿಂದ ನಡೆಯುತ್ತದೆ. ಮೇಲೊಂದು ಕೆಳಗೊಂದು ಸ್ಪೂಲ್ (ಫಿಲ್ಮ್ ಸುತ್ತುವ ಉರುಳೆ) ಕೂರುವ ಕಡ್ಡಿಗಳಿದ್ದರೆ, ಅದೇ ಕಂಪನಿ 1932ರಲ್ಲಿ ಆರಂಭಿಸಿದ ಡಬಲ್ 8. ನನ್ನ ಪ್ರೀತಿ ಈ ಎರಡನೆಯದರ ಮೇಲೆ. ಬ್ಯಾಟರಿ ಬೇಡ, ತಂತಿ ಬೇಡ. ಗಡಿಯಾರದಂತೆ ಕೀಲಿ ಕೊಟ್ಟರೆ ಸಾಕು. ಮುಂದಿನ ಮಾತೆಲ್ಲ ಇದರ ಬಗ್ಗೆಯೇ.

ಇದರ ವಿನ್ಯಾಸದ ಜಾಣತನ ಫಿಲ್ಮಿನಲ್ಲಿದೆ. ಒಳಗೆ ಹಾಕುವುದು 16 ಎಂಎಂ ಅಗಲದ, 25 ಅಡಿ ಉದ್ದದ ಫಿಲ್ಮ್. ಮೊದಲ ಸಲ ಓಡುವಾಗ ಅರ್ಧ ಅಗಲದ ಮೇಲೆ ಮಾತ್ರ ಚಿತ್ರ ಮೂಡುತ್ತದೆ. ಆಮೇಲೆ ಸ್ಪೂಲ್ ಮಗುಚಿ ಹಾಕಿದರೆ ಉಳಿದ ಅರ್ಧದ ಮೇಲೆ. ಸಂಸ್ಕರಿಸಿದ ನಂತರ ಲ್ಯಾಬಿನಲ್ಲಿ ಅದನ್ನು ಉದ್ದಕ್ಕೆ ಸೀಳಿ ಜೋಡಿಸಿದರೆ 50 ಅಡಿ, ಅಂದರೆ ಸುಮಾರು ನಾಲ್ಕು ನಿಮಿಷದ ಚಿತ್ರ. ಹಳೆಯ ಮನೆ ಚಿತ್ರಗಳ ನಟ್ಟನಡುವೆ ಫಕ್ಕನೆ ಕಿತ್ತಳೆ ಬೆಳಕು ಮಿಂಚಿ ಮಾಯವಾಗುವುದನ್ನು ನೋಡಿದ್ದೀರಾ? ಯಾರೋ ಸ್ಪೂಲ್ ಮಗುಚುವಾಗ ಒಳಗೆ ನುಗ್ಗಿದ ಬೆಳಕು ಅದು. ನೀವು ನೆರಳಿನಲ್ಲಿ ಕುಳಿತು ಮಗುಚಿ.

ಈಗ ಪರೀಕ್ಷೆ. ಕ್ಯಾಮೆರಾಕ್ಕೆ ಪೂರ್ತಿ ಕೀಲಿ ಕೊಡಿ. ಬಿಗಿಯಾದ ಮೇಲೆ ಒತ್ತಾಯಿಸಬೇಡಿ. ಮುಚ್ಚಳ ತೆರೆದಿಟ್ಟು ಗುಂಡಿ ಒತ್ತಿ. ಗೇಟ್ ಎಂಬ ಪುಟ್ಟ ಚೌಕದ ಪಕ್ಕದಲ್ಲಿ ಒಂದು ಉಕ್ಕಿನ ಕೊಕ್ಕೆ ಹೊರಬಂದು, ಕೆಳಗಿಳಿದು, ಒಳಗೆ ಸರಿಯುತ್ತಿರುತ್ತದೆ. ಫಿಲ್ಮಿನ ಅಂಚಿನ ತೂತಿಗೆ ಸಿಕ್ಕಿ ಒಂದೊಂದೇ ಫ್ರೇಮನ್ನು ಎಳೆಯುವುದು ಇದೇ. ಅದು ಎಳೆಯುವಷ್ಟು ಹೊತ್ತು ಶಟರ್ ಬೆಳಕನ್ನು ಮರೆಮಾಡಿರುತ್ತದೆ. ಸದ್ದು ಮೊದಲಿನಿಂದ ಕೊನೆಯವರೆಗೆ ಒಂದೇ ಶ್ರುತಿಯಲ್ಲಿರಬೇಕು. ನಡುವೆ ಕುಗ್ಗಿದರೆ ಒಳಗಿನ ಗ್ರೀಸ್ ಗಟ್ಟಿಯಾಗಿದೆ ಎಂದು ನನ್ನ ಮೊದಲ ಅನುಮಾನ. ದಯವಿಟ್ಟು ಎಣ್ಣೆ ಸುರಿಯಬೇಡಿ, ಅದು ಲೆನ್ಸಿಗೂ ಶಟರಿಗೂ ಹರಡುತ್ತದೆ. ದಿನಕ್ಕೆ ನಾಲ್ಕೈದು ಸಲ ಕೀಲಿ ಕೊಟ್ಟು ಓಡಿಸುತ್ತಾ ಬನ್ನಿ. ನನ್ನದು ಹತ್ತನೆಯ ದಿನಕ್ಕೆ ಸರಾಗವಾಯಿತು. ಆಗಲೂ ಸುಧಾರಿಸದಿದ್ದರೆ ಬಿಚ್ಚಿ ಶುಚಿ ಮಾಡಬಲ್ಲವರಿಗೆ ಕೊಡಿ.

ವೇಗ ಅಳೆಯುವುದಕ್ಕೆ ಅವಧಿ ಮೀರಿದ ಒಂದು ಡಬಲ್ 8 ರೀಲು ಬೇಕು. ಮಾಮೂಲಿ 16 ಎಂಎಂ ಫಿಲ್ಮ್ ನಡೆಯುವುದಿಲ್ಲ, ಅದರಲ್ಲಿ ತೂತುಗಳು ಅರ್ಧದಷ್ಟೇ. ಐದಡಿ ಅಂತರದಲ್ಲಿ ಮಾರ್ಕರಿನಿಂದ ಎರಡು ಗೆರೆ ಎಳೆಯಿರಿ. ಅಡಿಗೆ 80 ಫ್ರೇಮ್, ಹಾಗಾಗಿ ಐದಡಿಗೆ 400. ಸೆಕೆಂಡಿಗೆ 16 ಫ್ರೇಮಿನ ವೇಗದಲ್ಲಿ ಒಂದು ಗೆರೆಯಿಂದ ಇನ್ನೊಂದಕ್ಕೆ 25 ಸೆಕೆಂಡು ಹಿಡಿಯಬೇಕು. ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ನೋಡಿ. ನನ್ನ ಕ್ಯಾಮೆರಾ 24 ಸೆಕೆಂಡು ತೋರಿಸಿದ ಸಂಜೆ ನನಗಾದ ಸಂತೋಷ ಅಷ್ಟಿಷ್ಟಲ್ಲ. 30 ಸೆಕೆಂಡು ದಾಟಿದರೆ ಕ್ಯಾಮೆರಾ ನಿಧಾನವಾಗಿದೆ ಎಂದರ್ಥ. ಆಗ ಪರದೆಯ ಮೇಲೆ ಜನ ದುಡುದುಡು ಓಡಾಡುತ್ತಾರೆ, ಚಿತ್ರಕ್ಕೆ ಬೆಳಕೂ ಹೆಚ್ಚಾಗುತ್ತದೆ.

ಅದೇ ಹಾಳು ರೀಲಿನಲ್ಲಿ ಫಿಲ್ಮ್ ಪೋಣಿಸುವುದನ್ನೂ ಕೈಗೆ ರೂಢಿ ಮಾಡಿಕೊಳ್ಳಿ. ಗೇಟಿನ ಹಿಂದೆ ಫಿಲ್ಮನ್ನು ಚಪ್ಪಟೆಯಾಗಿ ಒತ್ತಿ ಹಿಡಿಯುವ ತಗಡಿದೆ. ಪೋಣಿಸಲು ಅದನ್ನು ಹಿಂದಕ್ಕೆ ಸರಿಸಿರುತ್ತೀರಿ. ಮರಳಿ ಒತ್ತಿ ಕೂರಿಸಿದ್ದೀರಾ ಎಂದು ಬೆರಳಿನಿಂದ ಮುಟ್ಟಿಯೇ ನೋಡಿ. ನಾನು ಮೊದಲ ಒಳ್ಳೆಯ ರೀಲಿನಲ್ಲಿ ಇದನ್ನು ಮರೆತೆ. ಅಮ್ಮ ಗಿಡಗಳಿಗೆ ನೀರು ಹಾಕುವ ದೃಶ್ಯ ಅದರಲ್ಲಿತ್ತು. ಬಂದದ್ದು ಮೇಲೆ ಕೆಳಗೆ ನಡುಗುವ ಹಸಿರು ಮಸುಕು ಮಾತ್ರ. ಆ ನಷ್ಟ ನನಗೆ ಇನ್ನೂ ನೋಯುತ್ತದೆ.

ಕ್ಯಾಮೆರಾದಲ್ಲಿ ಸೆಲೆನಿಯಂ ಮೀಟರ್ (ಬ್ಯಾಟರಿಯಿಲ್ಲದೆ ಬೆಳಕು ಅಳೆಯುವ ಸಾಧನ) ಇದ್ದರೆ, ಮುಳ್ಳು ಆಡಿದ ಮಾತ್ರಕ್ಕೆ ನಂಬಬೇಡಿ. ಮೊಬೈಲಿನ ಲೈಟ್ ಮೀಟರ್ ಆ್ಯಪಿನಲ್ಲಿ ಶಟರ್ ವೇಗ 1/30 ಸೆಕೆಂಡು ಇಟ್ಟು ಹೋಲಿಸಿ. ಐಎಸ್ಒ 50ರ ಫಿಲ್ಮಿಗೆ ಸುಡುಬಿಸಿಲಿನಲ್ಲಿ ಲೆನ್ಸಿನ ಬೆಳಕಿನ ಕಿಂಡಿಯ ಅಳತೆ ಎಫ್/16ರ ಆಸುಪಾಸು ಬರಬೇಕು.

ವ್ಯೂಫೈಂಡರ್ ಲೆನ್ಸಿನ ಮೇಲೆ ಬೇರೆಯಾಗಿದ್ದರೆ, ಹತ್ತಿರದವರನ್ನು ತೆಗೆಯುವಾಗ ತಲೆಯ ಮೇಲೆ ತುಸು ಜಾಗ ಬಿಡಿ. ನೀವು ನೋಡುವುದಕ್ಕಿಂತ ಕೆಳಗಿನದನ್ನು ಲೆನ್ಸ್ ನೋಡುತ್ತಿರುತ್ತದೆ. ಕೆಲಸ ಮುಗಿದ ಮೇಲೆ, ಫಿಲ್ಮ್ ತೆಗೆದು, ಸ್ಪ್ರಿಂಗ್ ಪೂರ್ತಿ ಸಡಿಲವಾಗುವವರೆಗೆ ಓಡಿಸಿ ಎತ್ತಿಡಿ.