ಬಂಡೆ, ಹೊಳೆ, ಒಣಮರ: ನಿಸರ್ಗಚಿತ್ರದ ಸಂಕೇತಗಳನ್ನು ಓದುವುದು ಹೇಗೆ?

ಬಳ್ಳಾರಿ, ಕೊಪ್ಪಳ, ರಾಯಚೂರು ಭಾಗದಲ್ಲಿ ಎಲ್ಲಿಯೇ ಚಿತ್ರಕಲಾ ಪ್ರದರ್ಶನ ನಡೆದರೂ ಗೋಡೆಯ ಮೇಲೆ ನಿಸರ್ಗಚಿತ್ರಗಳಿಗೆ ಕೊರತೆ ಇರುವುದಿಲ್ಲ. ತುಂಗಭದ್ರೆಯ ದಂಡೆ, ಆನೆಗೊಂದಿಯ ಬಂಡೆಗಳ ರಾಶಿ, ಎರೆಹೊಲದ ನಡುವಿನ ಒಂಟಿ ಬೇವಿನ ಮರ ಇವೆಲ್ಲ ನಮಗೆ ದಿನನಿತ್ಯದ ನೋಟಗಳಾದ್ದರಿಂದ, ಜಾಗ ಯಾವುದೆಂದು ಗುರುತು ಹಿಡಿದ ಕೂಡಲೇ ಹೆಚ್ಚಿನವರು ಮುಂದಿನ ಚಿತ್ರಕ್ಕೆ ಸರಿಯುತ್ತಾರೆ. ಇನ್ನು ಕೆಲವರು ಬಂಡೆ ಎಂದರೆ ಕಾಠಿಣ್ಯ, ಹೊಳೆ ಎಂದರೆ ಕಾಲ, ಒಣಮರ ಎಂದರೆ ಸಾವು ಎಂದು ನಿಘಂಟು ತೆರೆದವರಂತೆ ಅರ್ಥ ಹೇಳಿಬಿಡುತ್ತಾರೆ. ಈ ಎರಡನೆಯ ಅಭ್ಯಾಸವೇ ಹೆಚ್ಚು ಕೆಟ್ಟದ್ದು ಎಂದು ನನ್ನ ಎಣಿಕೆ, ಏಕೆಂದರೆ ಹಾಗೆ ಅರ್ಥ ಹೇಳಲು ಚಿತ್ರವನ್ನು ನೋಡುವ ಅಗತ್ಯವೇ ಬೀಳುವುದಿಲ್ಲ.

ಆನೆಗೊಂದಿಯನ್ನು ಚಿತ್ರಿಸಲು ಕುಳಿತವರಿಗೆ ಬಂಡೆಯನ್ನು ಬಿಟ್ಟು ಚಿತ್ರಿಸುವುದು ಸಾಧ್ಯವಿಲ್ಲ. ಅಲ್ಲಿಯ ಗ್ರಾನೈಟ್ ಶಿಲೆ ಸುಮಾರು 250 ಕೋಟಿ ವರ್ಷ ಹಳೆಯದು. ಬಿರುಕುಗಳ ಗುಂಟ ನೀರು ಇಳಿದು, ಶಿಲೆ ಸವೆದು, ಇದ್ದಲ್ಲಿಯೇ ಗುಂಡಾದ ಕಲ್ಲುಗಳು ಒಂದರ ಮೇಲೊಂದು ನಿಂತಿವೆ. ಹಸಿರು ನಾಡಿನಿಂದ ಬಂದ ನೋಡುಗನಿಗೆ ಅದು ಬರಡುತನದ ಸಂಕೇತವಾಗಿ ಕಂಡೀತು, ಗಂಗಾವತಿಯವರಿಗೆ ಅದು ಊರಿನ ದಾರಿ. ಹಾಗಾದರೆ ಬಂಡೆ ಸಂಕೇತವಾಗುವುದು ಯಾವಾಗ? ಕಲಾವಿದನಿಗೆ ಆಯ್ಕೆ ಇದ್ದ ಕಡೆ, ಅಂದರೆ ಇಲ್ಲದ್ದನ್ನು ತಂದಿಟ್ಟಾಗ, ಇದ್ದದ್ದನ್ನು ತೆಗೆದುಹಾಕಿದಾಗ, ಚಿಕ್ಕದನ್ನು ದೊಡ್ಡದು ಮಾಡಿದಾಗ. ಮುಂದೆ ಹೇಳುವ ಹೆಜ್ಜೆಗಳೆಲ್ಲ ಈ ಆಯ್ಕೆಗಳನ್ನು ಪತ್ತೆ ಹಚ್ಚುವ ಉಪಾಯಗಳು.

ಮೊದಲು ಪಟ್ಟಿ, ಆಮೇಲೆ ಅರ್ಥ

ಚಿತ್ರದ ಮುಂದೆ ನಿಂತು ಐದಾರು ನಿಮಿಷ ಏನನ್ನೂ ಅರ್ಥೈಸದೆ, ಕಾಣುವುದನ್ನಷ್ಟೇ ಬರೆದುಕೊಳ್ಳಬೇಕು. ಮುನ್ನೆಲೆಯಲ್ಲಿ ಏನಿದೆ, ನಡುವೆ ಏನಿದೆ, ದೂರದಲ್ಲಿ ಏನಿದೆ, ಆಕಾಶಕ್ಕೆ ಎಷ್ಟು ಪಾಲು ಸಿಕ್ಕಿದೆ, ದಿಗಂತದ ಗೆರೆ ಮೇಲಿದೆಯೋ ಕೆಳಗಿದೆಯೋ ಎಂಬುದನ್ನು ಗುರುತಿಸಿದರೆ ಸಾಕು. ಖಾಲಿ ಬಿಟ್ಟ ಜಾಗವನ್ನೂ ಪಟ್ಟಿಗೆ ಸೇರಿಸಬೇಕು. ‘ದುಃಖದ ಮರ’ ಎಂದು ಬರೆಯಬಾರದು. ‘ಎಡಕ್ಕೆ ಬಾಗಿದ, ಎಲೆಯಿಲ್ಲದ, ಚೌಕಟ್ಟಿನ ಮೇಲಂಚನ್ನು ಮುಟ್ಟುವ ಮರ’ ಎಂದು ಬರೆಯಬೇಕು.

ಜಾಗವನ್ನೂ ಚಿತ್ರವನ್ನೂ ಹೋಲಿಸುವುದು

ಇದು ಅತಿ ಮುಖ್ಯವಾದ ಹೆಜ್ಜೆ. 17ನೇ ಶತಮಾನದ ಡಚ್ ಕಲಾವಿದ ಯಾಕೋಬ್ ಫಾನ್ ರಾಯ್ಸ್‌ಡಾಲ್ ಬಿಡಿಸಿದ ‘ಯಹೂದಿ ಸ್ಮಶಾನ’ ಎಂಬ ಚಿತ್ರದ ಎರಡು ಆವೃತ್ತಿಗಳಿದ್ದು, ಒಂದು ಜರ್ಮನಿಯ ಡ್ರೆಸ್ಡೆನ್‌ನಲ್ಲಿಯೂ ಇನ್ನೊಂದು ಅಮೆರಿಕದ ಡೆಟ್ರಾಯಿಟ್‌ನಲ್ಲಿಯೂ ಇವೆ. ಚಿತ್ರದಲ್ಲಿರುವ ಗೋರಿಗಳು ಆಮ್‌ಸ್ಟರ್‌ಡ್ಯಾಮ್ ಸಮೀಪದ ಔಡರ್ಕೆರ್ಕ್ ಎಂಬ ಊರಿನಲ್ಲಿ ನಿಜವಾಗಿಯೂ ಇವೆ. ಆದರೆ ಆ ಊರು ಸಮತಟ್ಟಾದ ಬಯಲು. ಚಿತ್ರದಲ್ಲಿ ಕಾಣುವ ಪಾಳುಬಿದ್ದ ಕಟ್ಟಡವಾಗಲಿ, ಗೋರಿಗಳ ನಡುವೆ ನುಗ್ಗಿ ಹರಿಯುವ ತೊರೆಯಾಗಲಿ, ಹಿಂದಿನ ಗುಡ್ಡವಾಗಲಿ ಅಲ್ಲಿ ಇರಲಿಲ್ಲ. ಕಲಾವಿದ ಅವನ್ನು ಬೇರೆಡೆಯಿಂದ ತಂದು ಜೋಡಿಸಿದ, ಜೊತೆಗೆ ಒಂದು ಸತ್ತ ಮರವನ್ನೂ ಮೋಡಗಳ ನಡುವೆ ಕಾಮನಬಿಲ್ಲನ್ನೂ ಇಟ್ಟ. ಹೀಗೆ ತಂದಿಟ್ಟ ವಸ್ತುಗಳನ್ನಷ್ಟೇ ಬೇರೆ ಮಾಡಿ ನೋಡಿದರೆ ಮನುಷ್ಯ ಕಟ್ಟಿದ್ದೂ ಬೆಳೆದು ನಿಂತದ್ದೂ ಅಳಿಯುತ್ತದೆ, ನೀರು ಹರಿಯುತ್ತಲೇ ಇರುತ್ತದೆ, ಆದರೂ ಒಂದು ಭರವಸೆ ಉಳಿದಿದೆ ಎಂಬ ಓದು ತಾನಾಗಿ ಮೂಡುತ್ತದೆ. ಬೈಬಲ್ಲಿನ ಪ್ರಳಯದ ಕಥೆಯಲ್ಲಿ ಕಾಮನಬಿಲ್ಲು ದೇವರು ಕೊಟ್ಟ ಮಾತಿನ ಗುರುತು ಎಂಬುದು ಆ ಕಾಲದ ನೋಡುಗರಿಗೆ ಗೊತ್ತಿತ್ತು. ಗೋರಿ ಇದ್ದ ಮಾತ್ರಕ್ಕೆ ಈ ಓದು ಗಟ್ಟಿಯಾಗುವುದಿಲ್ಲ, ಅದಕ್ಕೆ ಬಲ ಬರುವುದು ಇಲ್ಲದ್ದನ್ನು ತಂದಿಟ್ಟದ್ದರಿಂದ.

ಜರ್ಮನಿಯ ಕಾಸ್ಪರ್ ಡೇವಿಡ್ ಫ್ರೀಡ್ರಿಕ್ 1818ರ ಸುಮಾರಿಗೆ ಬಿಡಿಸಿದ, ಮಂಜಿನ ಕಡಲಿನೆದುರು ಬಂಡೆಯ ಮೇಲೆ ಬೆನ್ನು ತೋರಿ ನಿಂತ ಮನುಷ್ಯನ ಚಿತ್ರವೂ ಇಂಥದ್ದೇ. ಎಲ್ಬೆ ನದಿ ಕಣಿವೆಯ ಬೇರೆ ಬೇರೆ ಕಡೆ ಮಾಡಿಕೊಂಡ ರೇಖಾಚಿತ್ರಗಳನ್ನು ಕೂಡಿಸಿ ಆತ ಆ ಬೆಟ್ಟಸಾಲನ್ನು ಕಟ್ಟಿದ.

ನಮ್ಮ ಭಾಗದ ಓದುಗರಿಗೆ ಒಂದು ಅನುಕೂಲವಿದೆ: ಚಿತ್ರದ ಜಾಗ ಹಲವು ಸಲ ಬಸ್ಸಿನ ದಾರಿಯಲ್ಲೇ ಇರುತ್ತದೆ. ಹಂಪಿಯ ವಿಠ್ಠಲ ದೇವಸ್ಥಾನದ ಬಳಿ ಹೊಳೆಯಲ್ಲಿ ಹಳೆಯ ಸೇತುವೆಯ ಕಲ್ಲುಕಂಬಗಳು ಇಂದಿಗೂ ನಿಂತಿವೆ. ಅವುಗಳನ್ನು ಚಿತ್ರಿಸಿದ ಮಾತ್ರಕ್ಕೆ ‘ಕಡಿದ ಸಂಬಂಧ’ ಎಂಬ ಅರ್ಥ ಹಚ್ಚಬೇಕಿಲ್ಲ. ಆದರೆ ಕಲಾವಿದ ಸುತ್ತಲಿನ ಮಂಟಪಗಳನ್ನೆಲ್ಲ ಅಳಿಸಿ, ಕಂಬಗಳನ್ನು ಎರಡು ಪಟ್ಟು ಎತ್ತರಿಸಿ, ಎರಡು ದಂಡೆಗಳಲ್ಲಿ ಒಬ್ಬೊಬ್ಬರನ್ನು ನಿಲ್ಲಿಸಿದ್ದರೆ ಆ ಮಾತಿಗೆ ಆಧಾರ ಸಿಗುತ್ತದೆ. ಹಳೆಯ ಕಾಲದ ಹಂಪಿಯ ಚಿತ್ರವಾದರೆ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಛಾಯಾಚಿತ್ರಗಳೊಡನೆ ಹೋಲಿಸಿ ನೋಡಬಹುದು.

ಬೆಳಕು ಮತ್ತು ಕಾಲ

ಬೆಳಕು ಯಾವ ದಿಕ್ಕಿನಿಂದ ಬೀಳುತ್ತಿದೆ ಎಂಬುದನ್ನು ನೆರಳಿನಿಂದ ಕಂಡುಕೊಳ್ಳಬೇಕು. ಮೊದಲು ಬಳ್ಳಾರಿಗೆ ಸೇರಿದ್ದು ಈಗ ವಿಜಯನಗರ ಜಿಲ್ಲೆಯಲ್ಲಿರುವ ಹಂಪಿಯ ವಿರೂಪಾಕ್ಷ ದೇವಸ್ಥಾನದ ದೊಡ್ಡ ಗೋಪುರ ಪೂರ್ವಕ್ಕೆ ಮುಖ ಮಾಡಿದೆ. ಹಂಪಿಯ ಬಜಾರದಿಂದ ಕಂಡಂತೆ ಬಿಡಿಸಿದ ಚಿತ್ರದಲ್ಲಿ ಗೋಪುರದ ಮುಂಭಾಗ ಹೊಳೆಯುತ್ತಿದ್ದರೆ ಅದು ಬೆಳಗು, ಮುಂಭಾಗ ಕಪ್ಪಾಗಿ ಹಿಂದಿನ ಆಕಾಶ ಕೆಂಪೇರಿದ್ದರೆ ಅದು ಸಂಜೆ. ಉದಯವನ್ನು ಬಿಟ್ಟು ಅಸ್ತವನ್ನು ಆರಿಸಿಕೊಂಡದ್ದಕ್ಕೆ ಕಾರಣ ಹುಡುಕಬಹುದು. ದಿಕ್ಕೇ ತಪ್ಪಿದ್ದರಂತೂ ಇನ್ನೂ ಒಳ್ಳೆಯದು. ಇಂಗ್ಲೆಂಡಿನ ಟರ್ನರ್ 1839ರಲ್ಲಿ ಪ್ರದರ್ಶಿಸಿದ ‘ಟೆಮೆರೇರ್’ ಯುದ್ಧನೌಕೆಯ ಚಿತ್ರದಲ್ಲಿ, ಒಡೆಯುವುದಕ್ಕೆಂದು ಥೇಮ್ಸ್ ನದಿಯಲ್ಲಿ ಪಶ್ಚಿಮಕ್ಕೆ ಎಳೆದೊಯ್ಯುತ್ತಿದ್ದ ಹಡಗಿನ ಹಿಂದೆ, ಅಂದರೆ ಪೂರ್ವದಲ್ಲಿ, ಸೂರ್ಯ ಮುಳುಗುತ್ತಾನೆ! ಆ ಹೊತ್ತಿಗೆ ಹಡಗಿನ ಕೂವೆಮರಗಳನ್ನೂ ಕಿತ್ತು ತೆಗೆಯಲಾಗಿತ್ತು, ಚಿತ್ರದಲ್ಲಿ ಮಾತ್ರ ಅವು ಬೆಳ್ಳಗೆ ನೆಟ್ಟಗೆ ನಿಂತಿವೆ. ಕಪ್ಪು ಹೊಗೆಯ ಚಿಕ್ಕ ಉಗಿದೋಣಿ, ಬಿಳಿಯ ಹಳೆಯ ಹಡಗು, ಮುಳುಗುವ ಸೂರ್ಯ ಮೂರೂ ಹಾಯಿಯ ಕಾಲ ಮುಗಿದದ್ದನ್ನೇ ಹೇಳುತ್ತವೆ.

ಋತುವಿಗೂ ಇದೇ ಪರೀಕ್ಷೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿದ ಮೇಲೆ ಕೆಳಗಿನ ಹೊಳೆಯ ನೀರು ಮಳೆಯ ಜೊತೆಗೆ ಅಣೆಕಟ್ಟೆಯ ಬಾಗಿಲುಗಳನ್ನೂ ಅವಲಂಬಿಸಿದೆ. ಬೇಸಿಗೆಯಲ್ಲಿ ಹೊಳೆಯ ಒಡಲಿನ ಕಲ್ಲುಗಳೆಲ್ಲ ಹೊರಗೆ ಬೀಳುತ್ತವೆ. ಎಲೆಯುದುರಿದ ಮರಗಳ ಜೊತೆಗೆ ತುಂಬಿದ ಹೊಳೆಯನ್ನು ಬಿಡಿಸಿದ್ದರೆ ಎರಡು ಋತುಗಳನ್ನು ಬೇಕೆಂದೇ ಕೂಡಿಸಿರಬಹುದು ಎಂದು ಊಹಿಸಬಹುದು.

ಯಾವ ಪರಂಪರೆಯ ಕಣ್ಣು?

ಒಂದೇ ಬೆಟ್ಟ ಬೇರೆ ಬೇರೆ ಪರಂಪರೆಗಳಲ್ಲಿ ಬೇರೆ ಮಾತಾಡುತ್ತದೆ. 1072ರಲ್ಲಿ ಚೀನಾದ ಗುವೊ ಶಿ ಬಿಡಿಸಿದ ‘ವಸಂತದ ಆರಂಭ’ ಚಿತ್ರದಲ್ಲಿ ನಡುವಿನ ದೊಡ್ಡ ಪರ್ವತವನ್ನು ಅರಸನೆಂದೂ ಸುತ್ತಲಿನ ಗುಡ್ಡಗಳನ್ನು ಅವನ ಪರಿವಾರವೆಂದೂ ಓದಲು ಆ ಕಲಾವಿದನ ಬೋಧನೆಯಲ್ಲಿಯೇ ಆಧಾರವಿದೆ. ಹಿಮಾಲಯದ ತಪ್ಪಲಿನ ಪಹಾಡಿ ಶೈಲಿಯ ಚಿಕಣಿ ಚಿತ್ರಗಳಲ್ಲಿ ನಾಯಿಕೆಯ ಪಕ್ಕದ ಮರಕ್ಕೆ ಹಬ್ಬಿದ ಬಳ್ಳಿ, ಜೋಡಿ ಹಕ್ಕಿ, ಕಾರ್ಮೋಡದ ಎದುರು ಹಾರುವ ಕೊಕ್ಕರೆ ಸಾಲು ಪ್ರೇಮದ ಸಂಗತಿಗಳು. ಪ್ರಾಚೀನ ತಮಿಳು ಕಾವ್ಯದ ತಿಣೈ ಪದ್ಧತಿಯಲ್ಲಿ ಬೆಟ್ಟ ಪ್ರೇಮಿಗಳ ಕೂಟಕ್ಕೆ, ಕಾಡು ಕಾಯುವಿಕೆಗೆ, ಕಡಲತೀರ ವಿರಹದ ಅಳಲಿಗೆ ಮೀಸಲು. ನಮ್ಮ ಮಹಾಕಾವ್ಯಗಳ ಅಷ್ಟಾದಶ ವರ್ಣನೆಯಲ್ಲಿಯೂ ಸಮುದ್ರ, ಪರ್ವತ, ಋತು, ಚಂದ್ರೋದಯಗಳಿಗೆ ಸ್ಥಾನವಿದೆ. ಕನ್ನಡ ಓದಿ ಬೆಳೆದ ಕಲಾವಿದರ ಮನಸ್ಸಿನಲ್ಲಿ ಇವು ಇರಬಹುದು, ಇಲ್ಲದಿರಲೂಬಹುದು. ಚಿತ್ರವೇ ಸಾಕ್ಷಿ ಕೊಡಬೇಕು.

ಬಣ್ಣದ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಸಂಡೂರಿನ ಗುಡ್ಡ ಕೆಂಪಾಗಿದೆ ಎಂದ ಕೂಡಲೇ ರಕ್ತ, ಹಿಂಸೆ ಎಂದು ಹೊರಡಬಾರದು. ಅಲ್ಲಿಯ ಮಣ್ಣಿನಲ್ಲಿ ಕಬ್ಬಿಣದ ಅದಿರಿದೆ. ಆ ಕೆಂಪು ಗುಡ್ಡವನ್ನು ಬಿಟ್ಟು ಎಲೆಗೆ, ಹೊಳೆಗೆ, ಮನೆಯ ಗೋಡೆಗೆ ಹರಡಿದ್ದರೆ ಮಾತ್ರ ಗಣಿಗಾರಿಕೆಯ ಮಾತು ಎತ್ತಬಹುದು. ಬಳ್ಳಾರಿ ಜಾಲಿಯೂ ಹಾಗೆಯೇ. ಅದು ಅಮೆರಿಕ ಖಂಡದ ಗಿಡ, 19ನೇ ಶತಮಾನದಲ್ಲಿ ಭಾರತಕ್ಕೆ ಬಂದದ್ದು. ಕೃಷ್ಣದೇವರಾಯನ ಕಾಲದ ದೃಶ್ಯದಲ್ಲಿ ಅದು ಕಂಡರೆ ಕಲಾವಿದ ಇಂದಿನ ಪಾಳನ್ನು ಅಂದಿನ ವೈಭವದೊಳಗೆ ತುರುಕಿದ್ದಾನೆ, ಅಥವಾ ಗಿಡ ಯಾವುದೆಂದು ವಿಚಾರಿಸಿಲ್ಲ. ಎರಡನೆಯದೇ ಹೆಚ್ಚು ಸಂಭವ ಎನ್ನಬೇಕಾಗುತ್ತದೆ.

ಓದನ್ನು ಪರೀಕ್ಷಿಸುವುದು

ಒಂದು ಚಿತ್ರವನ್ನು ಊಹಿಸಿಕೊಳ್ಳೋಣ: ಮುನ್ನೆಲೆಯಲ್ಲಿ ಬೋರಲು ಹಾಕಿದ ಹರಗೋಲು, ನಡುವೆ ಬತ್ತಿದ ಹೊಳೆ, ಆಚೆ ದಂಡೆಯಲ್ಲಿ ಹಸಿರು ಗದ್ದೆ, ದೂರದಲ್ಲಿ ಪುಟ್ಟ ಗೋಪುರ, ಜನರಿಲ್ಲ. ಹರಗೋಲು ಒಂದನ್ನೇ ನೋಡಿ ‘ಮುಗಿದ ಬದುಕು’ ಎನ್ನುವುದು ಅವಸರ, ಏಕೆಂದರೆ ಹರಗೋಲನ್ನು ಒಣಗಿಸಲು ಬೋರಲು ಹಾಕುವುದು ಸಾಮಾನ್ಯ. ಆದರೆ ಹೊಳೆ ಬತ್ತಿದಾಗಲೂ ಗದ್ದೆ ಹಸಿರಾಗಿದೆ, ಅಂದರೆ ನೀರು ಕಾಲುವೆಯಿಂದ ಬಂದಿದೆ. ಗೋಪುರ ಬೆರಳಿನಷ್ಟಿದೆ, ಹರಗೋಲು ಅರ್ಧ ಕ್ಯಾನ್ವಾಸ್ ತುಂಬಿದೆ. ಈ ಮೂರನ್ನೂ ಕೂಡಿಸಿದಾಗ ಹೊಳೆಯನ್ನು ನಂಬಿದವರಿಗೂ ಕಾಲುವೆಯನ್ನು ನಂಬಿದವರಿಗೂ ನಡುವಿನ ಅಂತರ ಚಿತ್ರದ ವಸ್ತುವಾಗಿರಬಹುದು ಎಂಬ ಓದು ನಿಲ್ಲುತ್ತದೆ. ಒಂದೇ ದಿಕ್ಕಿಗೆ ಬೆರಳು ಮಾಡುವ ಎರಡು ಮೂರು ಆಧಾರಗಳು ಸಿಗದಿದ್ದರೆ ಅರ್ಥವನ್ನು ಕೈಬಿಡುವುದೇ ಲೇಸು.

ಸಂಕೇತವೇ ಇಲ್ಲದ ಒಳ್ಳೆಯ ಚಿತ್ರಗಳೂ ಇವೆ. ಫ್ರಾನ್ಸಿನ ಕಲಾವಿದ ಮೋನೆ 1890–91ರಲ್ಲಿ ಮತ್ತೆ ಮತ್ತೆ ಚಿತ್ರಿಸಿದ ಬಣವೆಗಳಲ್ಲಿ ಮುಖ್ಯವಾದದ್ದು ಹೊತ್ತಿಗೆ ತಕ್ಕಂತೆ ಬದಲಾಗುವ ಬೆಳಕು. ಬಣವೆ ಕಂಡು ತುಂಬಿದ ಮನೆ ನೆನಪಾದರೆ ಆ ಅರ್ಥ ನಮ್ಮದು, ಚಿತ್ರದ್ದಲ್ಲ. ಮೈಸೂರಿನ ಕೆ. ವೆಂಕಟಪ್ಪ (1886–1965) ಜಲವರ್ಣದಲ್ಲಿ ಹಿಡಿದ ಊಟಿಯ ದೃಶ್ಯಗಳನ್ನೂ ನಾನು ಇದೇ ಸಾಲಿಗೆ ಸೇರಿಸುತ್ತೇನೆ. ಹಿರೇಬೆಣಕಲ್ ಬೆಟ್ಟದ ಶಿಲಾಶ್ರಯಗಳಲ್ಲಿರುವ ಪ್ರಾಗೈತಿಹಾಸಿಕ ಚಿತ್ರಗಳ ವಿಷಯದಲ್ಲಂತೂ ಬಿಡಿಸಿದವರ ನಂಬಿಕೆಗಳು ನಮಗೆ ದಕ್ಕಿಲ್ಲವಾದ್ದರಿಂದ, ಪಟ್ಟಿ ಮಾಡುವ ಮೊದಲ ಹೆಜ್ಜೆಯಲ್ಲಿಯೇ ನಿಲ್ಲುವುದು ಪ್ರಾಮಾಣಿಕ ಕ್ರಮ.

ಜಿಲ್ಲಾ ಮಟ್ಟದ ಪ್ರದರ್ಶನಗಳಲ್ಲಿ ಕಲಾವಿದರು ಹೆಚ್ಚಾಗಿ ತಮ್ಮ ಚಿತ್ರದ ಪಕ್ಕದಲ್ಲೇ ಇರುತ್ತಾರೆ. ಅವರನ್ನು ‘ಇದರ ಅರ್ಥವೇನು ಸರ್?’ ಎಂದು ಕೇಳಿದರೆ ಮುಜುಗರದ ನಗೆಯೋ ಕಂಠಪಾಠದ ಮಾತೋ ಸಿಗುತ್ತದೆ. ‘ಅಲ್ಲಿ ಇದ್ದದ್ದರಲ್ಲಿ ಏನನ್ನು ಬಿಟ್ಟಿರಿ, ಇಲ್ಲದ್ದು ಯಾವುದನ್ನು ಸೇರಿಸಿದಿರಿ?’ ಎಂದು ಕೇಳಿದರೆ ಅವರು ಕುಂಚದ ಕೆಲಸವನ್ನೇ ವಿವರಿಸತೊಡಗುತ್ತಾರೆ. ಆ ಉತ್ತರವನ್ನು ಮೊದಲು ಮಾಡಿಕೊಂಡ ಪಟ್ಟಿಯ ಪಕ್ಕದಲ್ಲೇ ಬರೆದಿಟ್ಟುಕೊಳ್ಳಬೇಕು.