ಗ್ಲಾಕೋಮಾ ಆಪರೇಷನ್ ಫೇಲ್ ಆದ ಕಣ್ಣಿಗೆ ಟ್ಯೂಬ್: ನನ್ನ ಅನುಭವ

ಗ್ಲಾಕೋಮಾಕ್ಕೆ (ಸಾಮಾನ್ಯವಾಗಿ ಕಣ್ಣಿನೊಳಗಿನ ಪ್ರೆಶರ್ ಏರಿ ನೋಟದ ನರ ಹಾಳಾಗುವ ಕಾಯಿಲೆ) ಒಮ್ಮೆ ಟ್ರಾಬೆಕ್ಯುಲೆಕ್ಟಮಿ, ಅಂದರೆ ಕಣ್ಣಿನೊಳಗಿನ ನೀರು ಹೊರಹೋಗಲು ದಾರಿ ಮಾಡುವ ಆಪರೇಷನ್, ಆಗಿದೆ, ಕೆಲವು ವರ್ಷ ಚೆನ್ನಾಗಿತ್ತು, ಈಗ ಮೂರು ಥರ ಡ್ರಾಪ್ಸ್ ಹಾಕಿದರೂ ಪ್ರೆಶರ್ 30ರ ಕೆಳಗೆ ಇಳಿಯುತ್ತಿಲ್ಲ. ಇಂಥವರು ನನ್ನ ಹತ್ತಿರ ತುಂಬಾ ಜನ ಬರುತ್ತಾರೆ. "ಆಪರೇಷನ್ನೇ ಕೈಕೊಡ್ತು, ಇನ್ನೇನು ದಾರಿ ಡಾಕ್ಟ್ರೇ?" ಅಂತ ಕೇಳುತ್ತಾರೆ. ದಾರಿ ಇದೆ: ಆ ನೀರು ಹೊರಹೋಗಲು ಕಣ್ಣಿಗೆ ಒಂದು ಸಣ್ಣ ಟ್ಯೂಬ್ ಹಾಕುವುದು. ಹೋದ ದೃಷ್ಟಿ ವಾಪಸ್ ಬರಲ್ಲ, ಉಳಿದಿರುವುದನ್ನು ಕಾಪಾಡಬಹುದು. ಇದನ್ನು ಮೊದಲ ದಿನವೇ ಹೇಳಿಬಿಡುತ್ತೇನೆ.

ಮರಗಟ್ಟಿಸುವ ಡ್ರಾಪ್ಸ್ ಹಾಕಿ, ಹತ್ತಿ ಕಡ್ಡಿಯಿಂದ ಕಣ್ಣಿನ ಬಿಳಿ ಭಾಗದ ಮೇಲಿನ ತೆಳು ಪೊರೆಯನ್ನು ಮೆಲ್ಲಗೆ ಸರಿಸಿ ನೋಡುತ್ತೇನೆ. ಜಾರಿದರೆ ಸರಿ. ಕೆಳಗೆ ಅಂಟಿಕೊಂಡಿದ್ದರೆ ಹಳೆಯ ಗಾಯ ಅಲ್ಲಿ ಗಟ್ಟಿಯಾಗಿದೆ ಎಂದರ್ಥ. ನೀರು ಹೊರಹೋಗಲು ನಾವು ಮಾಡಿದ ದಾರಿಯನ್ನು ದೇಹ ಗಾಯ ಅಂದುಕೊಂಡು ಮುಚ್ಚಿರುತ್ತದೆ. ಅಂಥ ಕಣ್ಣಿನಲ್ಲಿ ಮತ್ತೆ ಅದೇ ಆಪರೇಷನ್ ಮಾಡಲು ನನಗೆ ಮನಸ್ಸಿಲ್ಲ. ಮೊದಲೇ ಕಣ್ಣಿನ ಆಪರೇಷನ್ ಆದವರಲ್ಲಿ ಟ್ರಾಬೆಕ್ಯುಲೆಕ್ಟಮಿಯನ್ನೂ ಟ್ಯೂಬನ್ನೂ ಹೋಲಿಸಿದ ಅಮೆರಿಕದ ಅಧ್ಯಯನದ ಐದು ವರ್ಷದ ಫಲಿತಾಂಶ 2012ರಲ್ಲಿ ಬಂತು. ಫೇಲ್ ಆಗಿದ್ದು ಟ್ರಾಬೆಕ್ಯುಲೆಕ್ಟಮಿಯಲ್ಲಿ ಸುಮಾರು ಶೇ. 47, ಟ್ಯೂಬ್‌ನಲ್ಲಿ ಶೇ. 30.

ನಾನು ಹಾಕುವುದು ಮದುರೈಯ ಆರೋಲ್ಯಾಬ್ ತಯಾರಿಸುವ 'ಆಡಿ' (AADI) ಎಂಬ ಟ್ಯೂಬ್ ಸಾಧನ. 350 ಚದರ ಮಿಲಿಮೀಟರ್ ಪ್ಲೇಟು, ಅದಕ್ಕೊಂದು ಸಣ್ಣ ಟ್ಯೂಬು. ಕಣ್ಣಿನೊಳಗಿನ ನೀರು ಟ್ಯೂಬಿನಲ್ಲಿ ಬಂದು, ಕಣ್ಣಿನ ಹೊರಗೋಡೆಯ ಮೇಲೆ ಕೂರಿಸಿದ ಪ್ಲೇಟಿನ ಹತ್ತಿರ ಹರಡುತ್ತದೆ. ಹೊರದೇಶದ್ದಕ್ಕಿಂತ ಬೆಲೆ ತುಂಬಾ ಕಮ್ಮಿ, ನಮ್ಮ ರೋಗಿಗಳಿಗೆ ಅದು ದೊಡ್ಡ ವಿಷಯ.

ಇದಕ್ಕೆ ಹರಿವನ್ನು ತಡೆಯುವ ವಾಲ್ವ್ ಇಲ್ಲ. ಹಾಗೇ ಬಿಟ್ಟರೆ ಮೊದಲ ದಿನವೇ ನೀರೆಲ್ಲ ಹರಿದು ಕಣ್ಣು ಮೆತ್ತಗಾಗುತ್ತದೆ. ಅದಕ್ಕೇ ಕರಗುವ ವಿಕ್ರಿಲ್ ದಾರದಿಂದ ಟ್ಯೂಬನ್ನು ಬಿಗಿಯಾಗಿ ಕಟ್ಟುತ್ತೇನೆ. ಕಟ್ಟಿದ ಮೇಲೆ ತುದಿಯಿಂದ ಸಲೈನ್ ಒತ್ತಿ ನೋಡಲೇಬೇಕು. ಒಂದು ಹನಿ ದಾಟಿದರೂ ಗಂಟು ಬಿಚ್ಚಿ ಮತ್ತೆ ಹಾಕುತ್ತೇನೆ, ಎಷ್ಟೇ ಹೊತ್ತಾದರೂ ಸರಿ. ಆಮೇಲೆ 23 ಗೇಜ್ ಸೂಜಿಯಿಂದ ಮಾಡಿದ ದಾರಿಯಲ್ಲಿ ಟ್ಯೂಬನ್ನು ಕಣ್ಣೊಳಗೆ ತೂರಿಸಿ, ಅದರ ಮೇಲೆ ನೇತ್ರ ಬ್ಯಾಂಕಿನಿಂದ ಬಂದ ದಾನಿಯ ಕಣ್ಣಿನ ಬಿಳಿ ಭಾಗದ ತುಂಡನ್ನು ಹೊಲಿಯುತ್ತೇನೆ.

ದಾರ ಕರಗಲು ಐದಾರು ವಾರ ಬೇಕು. ಅಲ್ಲಿಯವರೆಗೆ ಪ್ರೆಶರ್ ಜಾಸ್ತಿಯೇ ಇರಬಹುದು, ಹಳೆಯ ಡ್ರಾಪ್ಸ್ ನಿಲ್ಲಿಸುವಂತಿಲ್ಲ. ಇದನ್ನು ಮನೆಯವರನ್ನೂ ಕೂರಿಸಿಕೊಂಡೇ ಹೇಳುತ್ತೇನೆ, ಇಲ್ಲದಿದ್ದರೆ ಇದೂ ಫೇಲ್ ಆಯ್ತು ಅಂತ ಕಂಗಾಲಾಗುತ್ತಾರೆ, ಪಾಪ. ಟ್ಯೂಬ್ ತೆರೆದುಕೊಂಡಾಗ ಪ್ರೆಶರ್ ದಿಢೀರ್ ಇಳಿಯಬಹುದು, ನೋಟ ಮಂಜಾಗಬಹುದು. ಆಗ ಅದೇ ದಿನ ಬರಬೇಕು. ಮುಂದೆ ಎಷ್ಟೋ ವರ್ಷ ಆದ ಮೇಲೂ ಮೇಲಿನ ಪೊರೆ ಸವೆದು ಟ್ಯೂಬ್ ಹೊರಗೆ ಕಾಣಿಸಿದರೆ ಸೋಂಕು ಸೀದಾ ಒಳಗೆ ಹೋಗುತ್ತದೆ. ಹಾಗಾಗಿ ಕಣ್ಣು ಉಜ್ಜಬೇಡಿ, ನೋವಿಲ್ಲ ಅಂತ ಚೆಕಪ್ ತಪ್ಪಿಸಬೇಡಿ.