ಅಗ್ಗದ ಸ್ಪಂಜಿನಲ್ಲೇ ಕಾರು ತೊಳೆಯಿರಿ, ಗೀರು ಬೀಳದಂತೆ

ಕಾಸರಗೋಡು ಕಡೆಯ ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ದಿನವೂ ಓಡಾಡುವ ಯಾವುದಾದರೂ ಕಪ್ಪು ಅಥವಾ ಕಡುನೀಲಿ ಕಾರಿನ ಬಾನೆಟನ್ನು ಎಳೆಬಿಸಿಲಿನಲ್ಲಿ ಓರೆಯಾಗಿ ನೋಡಿ. ಜೇಡರ ಬಲೆಯಂತೆ ಸುತ್ತುಸುತ್ತಾದ ಸಣ್ಣ ಗೀರುಗಳು ಮಿನುಗುತ್ತವೆ. ಇವುಗಳಲ್ಲಿ ಹೆಚ್ಚಿನವು ರಸ್ತೆಯಲ್ಲಿ ಆದವಲ್ಲ, ಮನೆಯಂಗಳದಲ್ಲಿ ತೊಳೆಯುವಾಗ, ಒರೆಸುವಾಗ ಆದವು. ದೂರು ಮಾತ್ರ ಸ್ಪಂಜಿನ ಮೇಲೆ. ನಿಜಕ್ಕೂ ಮೆತ್ತನೆಯ ಸ್ಪಂಜು ಬಣ್ಣವನ್ನು ಗೀರಲಾರದು. ಗೀರುವುದು ಅದರ ಅಡಿಯಲ್ಲಿ ಸಿಕ್ಕಿಕೊಂಡ ಮರಳು.

ನಮ್ಮ ಕೆಂಪು ದೂಳಿನಲ್ಲಿ ನಯವಾದ ಜೇಡಿಯ ಜೊತೆ ಬೆಣಚುಕಲ್ಲಿನ ಹರಳುಗಳೂ ಇರುತ್ತವೆ. ಮೋಸ್ ಮಾಪಕದಲ್ಲಿ ಬೆಣಚುಕಲ್ಲಿನ ಗಡಸುತನ 7, ಅಂದರೆ ಕಿಟಕಿ ಗಾಜಿಗಿಂತಲೂ ಹೆಚ್ಚು. ಕಾರಿನ ಬಣ್ಣದ ಮೇಲಿರುವ ಹೊಳಪಿನ ಪದರ, ಅಂದರೆ ಕ್ಲಿಯರ್ ಕೋಟ್, ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ ದಪ್ಪ, ತಲೆಗೂದಲಿಗಿಂತ ತೆಳು. ಸ್ಪಂಜಿನ ಮುಖ ಚಪ್ಪಟೆ. ಅದರಡಿ ಬಂದ ಹರಳಿಗೆ ಒಳಸೇರಲು ಜಾಗವಿಲ್ಲ, ಹಾಗಾಗಿ ಅದು ಬಣ್ಣವನ್ನು ಉಜ್ಜುತ್ತಲೇ ಹೋಗುತ್ತದೆ. ಇದಕ್ಕೆ ಕಾರು ತೊಳೆಯಲೆಂದೇ ಕೈಗವಸಿನಂತೆ ತೊಡುವ ದುಬಾರಿ ಮಿಟ್ ಒಂದೇ ಪರಿಹಾರವಲ್ಲ. ಅಗ್ಗದ ಸ್ಪಂಜುಗಳನ್ನೇ ನಾಲ್ಕಾರು ಇಟ್ಟುಕೊಂಡು, ಒಂದು ಕೊಳೆಯಾದ ಕೂಡಲೇ ಇನ್ನೊಂದನ್ನು ಎತ್ತಿಕೊಂಡರೆ ಕೆಲಸ ಆಗುತ್ತದೆ.

ಯಾವ ಸ್ಪಂಜು?

ಟೈಲ್ಸ್ ಕೆಲಸದವರು ಗ್ರೌಟ್ ಒರೆಸಲು ಬಳಸುವ, ಅಂಚು ದುಂಡಗಿರುವ ದಪ್ಪ ಸ್ಪಂಜು ಎಲ್ಲಕ್ಕಿಂತ ಒಳ್ಳೆಯದು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಆರು ತನ್ನಿ. ಪಾತ್ರೆ ತೊಳೆಯುವ, ಒಂದು ಬದಿ ಹಸಿರು ಸ್ಕ್ರಬ್ ಇರುವ ಸ್ಪಂಜು ಬೇಡವೇ ಬೇಡ. ಹಳದಿ ಬದಿಯಲ್ಲೇ ಒರೆಸುತ್ತೇನೆ ಎಂದುಕೊಂಡರೂ ಮಗುಚುವಾಗ ಹಸಿರು ಅಂಚು ತಾಗದೆ ಇರುವುದಿಲ್ಲ.

ಮೊದಲು ಪರೀಕ್ಷೆ. ಬೇಡದ ಸಿ.ಡಿ.ಯೊಂದರ ಹೊಳೆಯುವ ಬದಿಯನ್ನು ಒದ್ದೆ ಮಾಡಿ, ನೆನೆದ ಸ್ಪಂಜಿನಿಂದ ಹತ್ತು ಸಲ ಉಜ್ಜಿ, ಬೆಳಕಿಗೆ ಹಿಡಿಯಿರಿ. ಗೀರು ಕಂಡರೆ ಆ ಸ್ಪಂಜು ಕಾರಿನ ಚಕ್ರ ತೊಳೆಯಲಷ್ಟೇ.

ಪಾಸಾದ ಸ್ಪಂಜಿನ ಎರಡೂ ಮುಖಗಳಲ್ಲಿ ಹೊಸ ಬ್ಲೇಡಿನಿಂದ ಸುಮಾರು 1 ಸೆಂ.ಮೀ. ಆಳದ ಸೀಳುಗಳನ್ನು, 2 ಸೆಂ.ಮೀ. ಅಂತರದಲ್ಲಿ, ಉದ್ದಕ್ಕೂ ಅಡ್ಡಕ್ಕೂ ಹಾಕಿ. ಸ್ಪಂಜು ಒಣಗಿದ್ದಾಗಲೇ ಕೊಯ್ಯಬೇಕು. ಒದ್ದೆಯಾದರೆ ಬ್ಲೇಡು ಜಾರುತ್ತದೆ. ಮರಳು ಈ ಸೀಳಿನೊಳಗೆ ಇಳಿಯುತ್ತದೆ, ಮುಖದ ಮೇಲೆ ನಿಲ್ಲುವುದಿಲ್ಲ. ಇಡೀ ವಿಧಾನದಲ್ಲಿ ಅತಿ ಹೆಚ್ಚು ಪ್ರಯೋಜನ ಕೊಡುವ ಐದು ನಿಮಿಷ ಇದೇ.

ಮುಟ್ಟುವ ಮೊದಲು ನೀರು

ಬೆಳಿಗ್ಗೆ ಬಿಸಿಲೇರುವ ಮೊದಲು, ಕಾರು ನೆರಳಿನಲ್ಲಿರುವಾಗ ಶುರುಮಾಡಿ. ಬಾನೆಟ್ ಕೈಗೆ ತಣ್ಣಗಿರಬೇಕು. ಬಿಸಿಯಿದ್ದರೆ ಶಾಂಪೂ ಅಲ್ಲೇ ಒಣಗಿ ಕಲೆ ಕಟ್ಟುತ್ತದೆ. ಚಕ್ರಗಳನ್ನು ಮೊದಲೇ ಬೇರೆ ಹಳೆ ಸ್ಪಂಜಿನಿಂದ ಮುಗಿಸಿಬಿಡಿ. ಬ್ರೇಕಿನಿಂದ ಉದುರಿದ ಕಬ್ಬಿಣದ ಪುಡಿ ಅಲ್ಲಿರುತ್ತದೆ.

ನಂತರ ಪೈಪಿನಿಂದ ಮೇಲಿನಿಂದ ಕೆಳಕ್ಕೆ ನೀರು ಬಿಡಿ. ಮಳೆಗಾಲದಲ್ಲಿ ಬಾಗಿಲಿನ ಕೆಳಭಾಗಕ್ಕೆ, ಮಡ್‌ಗಾರ್ಡಿನ ಅಂಚಿಗೆ ಹಿಡಿದ ಕೆಸರು ಒಂದೇ ಸಲಕ್ಕೆ ಬಿಡುವುದಿಲ್ಲ. ಶಾಂಪೂ ಕದಡಿದ ನೀರನ್ನು 2 ಲೀಟರಿನ ಕೈಪಂಪಿನ ಸ್ಪ್ರೇಯರಿನಲ್ಲಿ ತುಂಬಿ ಸಿಂಪಡಿಸಿ, ನಾಲ್ಕೈದು ನಿಮಿಷ ನೆನೆಯಲು ಬಿಡಿ. ಒಣಗಲು ಬಿಡಬೇಡಿ. ಅಡಿಕೆಗೆ ಬೋರ್ಡೋ (ಮೈಲುತುತ್ತ–ಸುಣ್ಣದ ದ್ರಾವಣ) ಬಿಟ್ಟ ಸ್ಪ್ರೇಯರನ್ನು ಮಾತ್ರ ಇದಕ್ಕೆ ತರಬೇಡಿ. ಎಷ್ಟು ತೊಳೆದರೂ ಸುಣ್ಣದ ಗಷ್ಟು ತಳದಲ್ಲಿ ಉಳಿದಿರುತ್ತದೆ. ಇನ್ನೊಮ್ಮೆ ನೀರು ಹೊಡೆದು, ಒದ್ದೆ ಬೆರಳಿನ ತುದಿಯನ್ನು ಬಾಗಿಲಿನ ಕೆಳಗೆ ಹಗುರವಾಗಿ ಇಟ್ಟು ನೋಡಿ. ಕರಕರ ಎಂದರೆ ಸ್ಪಂಜು ಇಡುವ ಹೊತ್ತು ಇನ್ನೂ ಬಂದಿಲ್ಲ, ಮತ್ತೆ ನೀರು ಹೊಡೆಯಿರಿ.

ಒರೆಸುವ ಕ್ರಮ

ಎರಡು ಬಾಲ್ದಿ ಬೇಕು. ಒಂದರಲ್ಲಿ 10 ಲೀಟರ್ ನೀರಿಗೆ ಬಾಟಲಿಯ ಮೇಲೆ ಹೇಳಿದಷ್ಟು ಕಾರ್ ಶಾಂಪೂ. ಬಟ್ಟೆ ತೊಳೆಯುವ ಪುಡಿ ಬೇಡ. ಅದರ ಕ್ಷಾರ ವ್ಯಾಕ್ಸನ್ನು ಕಿತ್ತುಹಾಕುತ್ತದೆ, ಕರಗದೆ ಉಳಿದ ಕಾಳು ತಾನೇ ಮರಳಿನ ಕೆಲಸ ಮಾಡುತ್ತದೆ. ಆರೂ ಸ್ಪಂಜುಗಳನ್ನು ಈ ಬಾಲ್ದಿಯಲ್ಲೇ ಮುಳುಗಿಸಿಡಿ. ಇನ್ನೊಂದು ಬಾಲ್ದಿ ಬಳಸಿದ ಸ್ಪಂಜುಗಳಿಗೆ.

ನೀರು ಸುರಿಯುತ್ತಿರುವ ಸ್ಪಂಜನ್ನೇ ಎತ್ತಿಕೊಳ್ಳಿ, ಹಿಂಡಬೇಡಿ. ಒತ್ತಬೇಡಿ, ಅದರ ಭಾರವೇ ಸಾಕು. ಎರಡಡಿ ಚೌಕದಷ್ಟು ಜಾಗವನ್ನು ನೇರವಾಗಿ, ಒಂದೇ ದಿಕ್ಕಿಗೆ ಎಳೆದು ಒರೆಸಿ; ಸುತ್ತು ತಿರುಗಿಸಿದರೆ ಬಿದ್ದ ಗೀರು ಯಾವ ಕಡೆಯಿಂದ ನೋಡಿದರೂ ಹೊಳೆಯುತ್ತದೆ. ಸ್ಪಂಜನ್ನು ಮಗುಚಿ ಪಕ್ಕದ ಭಾಗ ಒರೆಸಿ. ಎರಡೂ ಮುಖ ಮುಗಿದ ಮೇಲೆ ಅದು ಎರಡನೆಯ ಬಾಲ್ದಿಗೆ ಹೋಗಬೇಕು. ಶಾಂಪೂ ಬಾಲ್ದಿಗೆ ಅದ್ದಿದಿರೋ, ಉಳಿದ ಐದಕ್ಕೂ ಮರಳು ಹಂಚಿದಂತೆ.

ಮೊದಲು ಕಾರಿನ ಮಾಡು, ಬಳಿಕ ಗಾಜು, ಬಾನೆಟ್, ಡಿಕ್ಕಿ, ಬಾಗಿಲಿನ ಮೇಲರ್ಧ, ಆಮೇಲೆ ಕೆಳಗರ್ಧ, ಕೊನೆಗೆ ಬಂಪರ್. ಆರು ಸಾಲದಿದ್ದರೆ ಬಳಸಿದವನ್ನು ನಲ್ಲಿಯಡಿ ಹಿಡಿದು, ಸೀಳುಗಳನ್ನು ಬಿಡಿಸಿ, ನೀರು ತಿಳಿಯಾಗುವವರೆಗೆ ಹಿಂಡಿ ಮತ್ತೆ ಬಳಸಬಹುದು, ಆದರೆ ಕೆಳಗಿನ ಭಾಗಕ್ಕೆ ಮಾತ್ರ. ನೆಲಕ್ಕೆ ಬಿದ್ದ ಸ್ಪಂಜು ಆ ದಿನದ ಮಟ್ಟಿಗೆ ಚಕ್ರಕ್ಕೆ. ಡಾಮರಿನ ಚುಕ್ಕೆಗಳನ್ನು ಉಜ್ಜಬೇಡಿ. ಒಂದು ಹನಿ ತೆಂಗಿನೆಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟರೆ ಮೆತ್ತಗಾಗುತ್ತದೆ, ಬಳಿಕ ಶಾಂಪೂ ನೀರಿನಿಂದ ತೆಗೆಯಿರಿ. ಮಂಜೇಶ್ವರ, ಉಪ್ಪಳ, ಕುಂಬಳೆಯಂಥ ಕಡಲ ಬದಿಯವರು ಅಡಿಭಾಗಕ್ಕೂ ನೀರು ಹೊಡೆಯುವುದು ಒಳ್ಳೆಯದು, ಉಪ್ಪು ಅಲ್ಲೇ ಕೂರುವುದು.

ಒಣಗಿಸುವಾಗ

ಪೈಪಿನ ನಾಜಲ್ ತೆಗೆದು, ನೀರನ್ನು ಮಾಡಿನ ಮೇಲಿಂದ ಮೆಲ್ಲಗೆ ಹರಿಯಬಿಡಿ. ಹಾಳೆಯಂತೆ ಇಳಿಯುವ ನೀರು ಹನಿಗಳನ್ನೂ ಎಳೆದುಕೊಂಡು ಹೋಗುತ್ತದೆ. ಉಳಿದುದನ್ನು ಶುದ್ಧವಾದ ಮೈಕ್ರೋಫೈಬರ್ ಬಟ್ಟೆ ಹಾಸಿ, ಒತ್ತಿ ಎತ್ತಿ. ಹಳೆ ಬೈರಾಸಿನ ಹೊಲಿಗೆಯಂಚು ಗಟ್ಟಿ, ಅದು ಬೇಡ. ಕೊಳವೆಬಾವಿಯ ನೀರಿನಲ್ಲಿ ಕಬ್ಬಿಣ ಇದ್ದರೆ ಹನಿ ಒಣಗಿದಲ್ಲಿ ಕಂದು ಕಲೆ ಉಳಿಯುತ್ತದೆ. ಕೊನೆಯ ಒಂದು ಬಾಲ್ದಿಗಾದರೂ ತೆರೆದ ಬಾವಿಯ ಅಥವಾ ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಸಿಕ್ಕಿದರೆ ಅನುಕೂಲ.

ಇಷ್ಟೆಲ್ಲ ಮಾಡಿ, ಮರುದಿನ ಬೆಳಿಗ್ಗೆ ಒಣ ಬಟ್ಟೆಯಿಂದ ದೂಳು ಝಾಡಿಸಿದರೆ ಗೀರು ಮತ್ತೆ ಶುರು. ನೀರಿಲ್ಲದ ಬೇಸಗೆಯಲ್ಲಿ ಗಾಜು, ಕನ್ನಡಿ, ದೀಪ ಇಷ್ಟನ್ನು ಒದ್ದೆ ಮಾಡಿ ಒರೆಸಿಕೊಂಡು, ಬಣ್ಣದ ಮೇಲಿನ ದೂಳನ್ನು ಹಾಗೇ ಬಿಟ್ಟುಬಿಡಿ.

ಸ್ಪಂಜುಗಳನ್ನು ತೊಳೆದು ನೆರಳಿನಲ್ಲಿ, ಗಾಳಿಯಾಡುವಲ್ಲಿ ನೇತುಹಾಕಿ. ಬಿಸಿಲಿಗೆ ಇವು ಹಳದಿಗಟ್ಟಿ ಪುಡಿಯಾಗುತ್ತವೆ. ಆಟಿಯ ಮಳೆಯಲ್ಲಿ ಬಾಲ್ದಿಯೊಳಗೇ ಬಿಟ್ಟರೆ ಎರಡೇ ದಿನಕ್ಕೆ ನಾತ. ಚಿವುಟಿದರೆ ಚೂರು ಕಿತ್ತು ಬರುವಷ್ಟಾದಾಗ ಅವನ್ನೂ ಚಕ್ರದ ಕೆಲಸಕ್ಕೆ ಇಳಿಸಿ, ಹೊಸ ಆರು ತನ್ನಿ.